‘ನೋಡೋಣ’ ಅಂದದ್ದು ಯಾರಿಗೆ ಹೇಗೆ ಕೇಳಿಸಿತು?

(ಬೇರೆ ಬೇರೆ ದೇಶದವರ ಜೊತೆ ಕೆಲಸ ಮಾಡುವವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿದ್ದೇನೆ. ಸಮಯ ಸಾಲದೆ ಬಿಟ್ಟದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಮೂರು ದೇಶಗಳಲ್ಲಿ ಹಂಚಿಹೋಗಿತ್ತು. ವಾರಕ್ಕೊಂದು ವಿಡಿಯೊ ಕಾಲ್. ಒಂದು ದಿನ ನೆದರ್‌ಲೆಂಡ್ಸ್‌ನ ಸಹೋದ್ಯೋಗಿಯೊಬ್ಬರು ನಾವು ಕಳಿಸುವ ವರದಿಯ ನಮೂನೆಯನ್ನೇ ಬದಲಿಸೋಣ ಅಂದರು. ನನಗದು ಸುತಾರಾಂ ಇಷ್ಟವಿರಲಿಲ್ಲ. ಆದರೆ ಹತ್ತು ಜನರ ಮುಂದೆ ‘ಬೇಡ’ ಅನ್ನಲು ಬಾಯಿ ಬರಲಿಲ್ಲ. ‘ನೋಡೋಣ’ ಅಂದೆ. ಇಂಗ್ಲಿಷಿನಲ್ಲಿ, ‘ಲೆಟ್ ಅಸ್ ಸೀ’ ಅಂತ. ನನ್ನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿದಿತ್ತು.

ಅವರ ಲೆಕ್ಕದಲ್ಲಿ ಅದು ಅಲ್ಲಿಂದ ಶುರುವಾಗಿತ್ತು. ಎರಡು ವಾರ ಬಿಟ್ಟು ಕೇಳಿದರು, ‘ನೋಡಿದಿರಾ?’ ನಾನು ‘ಇನ್ನೂ ಇಲ್ಲ’ ಅಂದೆ. ಅದು ಎರಡನೇ ತಪ್ಪು. ಇನ್ನೊಂದು ವಾರ ಆದ ಮೇಲೆ ಮತ್ತೆ ಕೇಳಿದರು. ಈ ಸಲ ದನಿ ಸ್ವಲ್ಪ ಬಿಗಿಯಾಗಿತ್ತು. ‘ನೀವು ನೋಡುತ್ತೇನೆ ಅಂದಿರಿ, ಅದನ್ನು ನಂಬಿ ನಾನು ನನ್ನ ಕಡೆಯ ಕೆಲಸ ನಿಲ್ಲಿಸಿದ್ದೇನೆ’ ಅಂದರು. ನನಗೆ ಸಿಟ್ಟು ಬಂತು. ಅಷ್ಟೂ ಗೊತ್ತಾಗಲ್ವಾ ಈ ಮನುಷ್ಯನಿಗೆ, ನೋಡೋಣ ಅಂದರೆ ಆಗಲ್ಲ ಅಂತ ತಾನೇ? ಅವರಿಗೂ ಸಿಟ್ಟು ಬಂದಿತ್ತು. ಹೇಳಿದ ಮಾತಿಗೆ ಬೆಲೆಯಿಲ್ಲದವನು ಅಂತ ನನ್ನ ಬಗ್ಗೆ ಅನ್ನಿಸಿರಬೇಕು. ಇಬ್ಬರೂ ಒಳ್ಳೆಯವರೇ. ಇಬ್ಬರ ಇಂಗ್ಲಿಷೂ ಚೆನ್ನಾಗಿತ್ತು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಕನ್ನಡ ಮಾತಾಡಿದ್ದೆ. ತೊಂದರೆ ಆದದ್ದು ಅಲ್ಲಿ.

ಆಮೇಲೆ ಆಫೀಸಿನವರು ನಮಗೊಂದು ತರಬೇತಿ ಕೊಡಿಸಿದರು. ಇಲ್ಲಿ ಕೂತಿರುವ ಬಹಳ ಜನ ಅಂಥದ್ದೊಂದನ್ನು ನೋಡಿರುತ್ತೀರಿ. ಪರದೆಯ ಮೇಲೆ ಒಂದೊಂದು ದೇಶಕ್ಕೆ ಒಂದೊಂದು ಪುಟ. ಜರ್ಮನಿಯವರು ಹೀಗೆ, ಜಪಾನಿನವರು ಹಾಗೆ, ಬ್ರೆಜಿಲ್‌ನವರು ಇನ್ನೊಂಥರ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ. ಇಂಥಲ್ಲಿ ಹೆಬ್ಬೆರಳು ಎತ್ತಬೇಡಿ. ಕೇಳಲು ಮಜವಾಗಿತ್ತು. ಮಾರನೆಯ ದಿನ ಕೆಲಸಕ್ಕೆ ಕೂತಾಗ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಆ ಪುಟಗಳಲ್ಲಿ ಒಂದು ದೇಶ ಮಾತ್ರ ಇರಲಿಲ್ಲ. ನನ್ನದು. ನಾನು ‘ನೋಡೋಣ’ ಅಂದರೆ ಎದುರಿನವರಿಗೆ ಹೇಗೆ ಕೇಳಿಸುತ್ತೆ ಅಂತ ಯಾರೂ ಹೇಳಿಕೊಡಲಿಲ್ಲ.

ಆ ಪುಟಗಳ ಹಿಂದೆ ನಿಜವಾದ ಓದು ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಡ್ವರ್ಡ್ ಹಾಲ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ 1950ರ ದಶಕದಲ್ಲಿ ಹೊರದೇಶಕ್ಕೆ ಹೋಗುವ ಸರ್ಕಾರಿ ಅಧಿಕಾರಿಗಳಿಗೆ ಪಾಠ ಮಾಡುತ್ತಿದ್ದರು. ಭಾಷೆ ಕಲಿತು ಹೋದವರೂ ಅಲ್ಲಿ ಎಡವುತ್ತಾರಲ್ಲ, ಯಾಕೆ ಅನ್ನುವುದು ಅವರ ಪ್ರಶ್ನೆ. 1976ರಲ್ಲಿ ಅವರು ಒಂದು ವಿಂಗಡಣೆ ಮುಂದಿಟ್ಟರು. ಕೆಲವು ಕಡೆ ಹೇಳಬೇಕಾದದ್ದೆಲ್ಲ ಮಾತಿನ ಒಳಗೇ ಇರುತ್ತೆ. ಇನ್ನು ಕೆಲವು ಕಡೆ ಅರ್ಧ ಮಾತಿನಲ್ಲಿದ್ದರೆ ಉಳಿದರ್ಧ ಸಂದರ್ಭದಲ್ಲಿರುತ್ತೆ. ಯಾರು ಹೇಳಿದರು, ಯಾರ ಮುಂದೆ ಹೇಳಿದರು, ಎಷ್ಟು ಹೊತ್ತು ತಡೆದು ಹೇಳಿದರು ಅನ್ನುವುದೆಲ್ಲ ಸೇರಿದರೇ ಅರ್ಥ. ನನ್ನ ‘ನೋಡೋಣ’ ಎರಡನೇ ಜಾತಿಯದು. ಆ ಡಚ್ ಸಹೋದ್ಯೋಗಿ ಬೆಳೆದದ್ದು ಮೊದಲನೆಯದರಲ್ಲಿ.

ಇನ್ನೊಬ್ಬರು ಹೇರ್ಟ್ ಹಾಫ್‌ಸ್ಟೆಡ್, ನೆದರ್‌ಲೆಂಡ್ಸ್‌ನವರು. 1967ರಿಂದ 1973ರ ತನಕ ಐಬಿಎಂ ಕಂಪನಿಯ ಬೇರೆ ಬೇರೆ ದೇಶಗಳ ನೌಕರರಿಂದ ತುಂಬಿಸಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಹಿಡಿದು ಕೂತರು. ಮೇಲಿನವರಿಗೆ ಎದುರು ಮಾತಾಡಲು ಎಷ್ಟು ಅಳುಕು ಅನ್ನುವಂಥದ್ದನ್ನೆಲ್ಲ ದೇಶವಾರು ಅಂಕಿಯಾಗಿ ತೋರಿಸಿದರು. ಇವತ್ತಿನ ತರಬೇತಿಗಳ ಪುಟಗಳು ಬಹುಪಾಲು ಅಲ್ಲಿಂದ ಇಳಿದು ಬಂದವು. ಆದರೆ ಹಾಫ್‌ಸ್ಟೆಡ್ ಅವರೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಇವು ದೇಶಗಳ ಸರಾಸರಿ, ಇದನ್ನು ಒಬ್ಬ ಮನುಷ್ಯನ ಮೇಲೆ ಹಚ್ಚಬೇಡಿ ಅಂತ. ಪುಟಗಳು ಉಳಿದವು, ಎಚ್ಚರಿಕೆ ಎಲ್ಲೋ ಬಿದ್ದುಹೋಯಿತು.

ಈಗ ಒಂದು ವಿಮಾನದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಿದೆ. ಆದರೆ ನಾನು ಇವತ್ತು ಹೇಳಬೇಕಾದದ್ದು ಪೂರಾ ಅದರೊಳಗಿದೆ.

1990, ಜನವರಿ 25. ಕೊಲಂಬಿಯಾದ ಏವಿಯಾಂಕಾ ಕಂಪನಿಯ 52ನೇ ಸಂಖ್ಯೆಯ ವಿಮಾನ ನ್ಯೂಯಾರ್ಕಿಗೆ ಬರುತ್ತಿತ್ತು. ಒಳಗೆ 158 ಜನ. ನ್ಯೂಯಾರ್ಕಿನಲ್ಲಿ ಹವಾಮಾನ ಕೆಟ್ಟಿತ್ತು, ವಿಮಾನಗಳು ಸಾಲುಗಟ್ಟಿದ್ದವು. ಇವರನ್ನು ದಾರಿಯಲ್ಲಿ ಮೂರು ಕಡೆ ಸುತ್ತು ಹಾಕಿಸಿದರು. ಒಟ್ಟು ಒಂದು ಗಂಟೆ 17 ನಿಮಿಷ. ಇಂಧನ ಕಡಿಮೆಯಾಗುತ್ತಾ ಬಂತು. ಕ್ಯಾಪ್ಟನ್‌ಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ರೇಡಿಯೊದಲ್ಲಿ ಮಾತಾಡುತ್ತಿದ್ದವರು ಸಹ ಪೈಲಟ್. ಇನ್ನೆಷ್ಟು ಹೊತ್ತು ಸುತ್ತಬಲ್ಲಿರಿ ಅಂತ ಕೇಳಿದಾಗ ಅವರು ಸುಮಾರು ಐದು ನಿಮಿಷ ಅಂದರು. ನಮಗೆ ಆದ್ಯತೆ ಬೇಕು ಅಂದರು. ‘ಪ್ರಯಾರಿಟಿ’ ಅನ್ನುವ ಪದ ಬಳಸಿದರು. ‘ಎಮರ್ಜೆನ್ಸಿ’ ಅನ್ನಲಿಲ್ಲ.

ಕೊನೆಗೆ ಇಳಿಯಲು ಅನುಮತಿ ಸಿಕ್ಕಿತು. ಮೊದಲ ಪ್ರಯತ್ನದಲ್ಲಿ ಇಳಿಯಲು ಆಗಲಿಲ್ಲ. ಮತ್ತೆ ಮೇಲೆ ಏರಬೇಕಾಯಿತು. ಆಗ ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದರು: ನಾವು ತುರ್ತು ಸ್ಥಿತಿಯಲ್ಲಿದ್ದೇವೆ ಅಂತ ಅವರಿಗೆ ಹೇಳು. ಸಹ ಪೈಲಟ್ ರೇಡಿಯೊದಲ್ಲಿ ಹೇಳಿದ್ದು ಇಷ್ಟು: ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ನಮ್ಮ ಇಂಧನ ಮುಗಿಯುತ್ತಿದೆ. ಕ್ಯಾಪ್ಟನ್ ಕೇಳಿದರು, ಹೇಳಿದೆಯಾ? ಹೇಳಿದೆ ಅಂತ ಉತ್ತರ. ಅವರ ಮನಸ್ಸಿನಲ್ಲಿ ಹೇಳಿಯಾಗಿತ್ತು ನೋಡಿ! ಆಚೆ ನೆಲದ ಮೇಲೆ ಕೂತು ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರಿಗೆ ಅದು ಆ ರಾತ್ರಿಯ ಹತ್ತಾರು ಮಾತುಗಳಲ್ಲಿ ಒಂದು. ಇಳಿಯಲು ಬರುವ ಪ್ರತಿ ವಿಮಾನದ ಇಂಧನವೂ ಮುಗಿಯುತ್ತಲೇ ಇರುತ್ತೆ.

ನನಗೆ ಮರೆಯಲಾಗದ್ದು ಇದರ ಮುಂದಿನದು. ನಿಯಂತ್ರಕರು ಕೇಳಿದರು: ನಿಮ್ಮನ್ನು ಹದಿನೈದು ಮೈಲಿ ಈಶಾನ್ಯಕ್ಕೆ ಕಳಿಸಿ ತಿರುಗಿಸಿ ತರುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಅದು ಸರಿಹೋಗುತ್ತಾ? ಎಷ್ಟು ನೇರವಾದ ಪ್ರಶ್ನೆ. ಜೀವ ಉಳಿಸಬಹುದಾಗಿದ್ದ ಪ್ರಶ್ನೆ. ಸಹ ಪೈಲಟ್ ಕೊಟ್ಟ ಉತ್ತರ: ‘ಹಾಗಂದುಕೊಳ್ಳುತ್ತೇನೆ, ತುಂಬಾ ಧನ್ಯವಾದ.’

ಕೆಲವು ನಿಮಿಷಗಳಲ್ಲಿ ನಾಲ್ಕೂ ಎಂಜಿನ್ ನಿಂತವು. ವಿಮಾನ ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬಲ್ಲಿ ಗುಡ್ಡಕ್ಕೆ ಬಿತ್ತು. 73 ಜನ ಸತ್ತರು. ಇಂಧನ ಇಲ್ಲದ ಕಾರಣ ಬೆಂಕಿ ಮಾತ್ರ ಹೊತ್ತಲಿಲ್ಲ.

‘ಹಾಗಂದುಕೊಳ್ಳುತ್ತೇನೆ, ತುಂಬಾ ಧನ್ಯವಾದ.’ ಇದನ್ನು ಮೊದಲ ಸಲ ಓದಿದಾಗ ನನಗೆ ಆ ಮನುಷ್ಯ ತೀರಾ ಪರಿಚಯದವನು ಅನ್ನಿಸಿಬಿಟ್ಟಿತು. ಗತ್ತಿನಲ್ಲಿ ಕೇಳುವವರ ಮುಂದೆ, ನಮ್ಮದಲ್ಲದ ಭಾಷೆಯಲ್ಲಿ, ಅವಸರದಲ್ಲಿ ನಾವೂ ಹೀಗೇ ಹೇಳುತ್ತೇವೆ ಅಲ್ವಾ? ಹೌದು ಸರ್. ಆಗುತ್ತೆ ಸರ್. ಮ್ಯಾನೇಜ್ ಮಾಡ್ತೀವಿ ಸರ್.

ಇದಕ್ಕೆ ಸಂಸ್ಕೃತಿಯೊಂದೇ ಕಾರಣ ಅಂತ ಕೆಲವರು ಬರೆದಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ತನಿಖಾ ವರದಿ ಇಂಧನದ ನಿರ್ವಹಣೆಯನ್ನೂ, ತುರ್ತು ಸ್ಥಿತಿಯನ್ನು ತಿಳಿಸದೆ ಹೋದದ್ದನ್ನೂ ಮುಖ್ಯ ಕಾರಣ ಅಂದಿತು. ದಣಿವಿತ್ತು, ಹವಾಮಾನವಿತ್ತು. ಆದರೆ ಇಬ್ಬರು ಒಂದೇ ಭಾಷೆಯಲ್ಲಿ ಮಾತಾಡಿ, ಇಬ್ಬರೂ ‘ವಿಷಯ ತಲುಪಿತು’ ಅಂದುಕೊಂಡು, ಯಾವುದೂ ತಲುಪದೇ ಇರುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಗೊತ್ತಿಲ್ಲ. ನಮ್ಮ ಆಫೀಸುಗಳಲ್ಲಿ ದಿನಾ ನಡೆಯುವುದೂ ಇದೇ. ಅಲ್ಲಿ ಯಾರೂ ಸಾಯುವುದಿಲ್ಲ, ಹಾಗಾಗಿ ಯಾರೂ ಟೇಪ್ ಹಾಕಿ ಕೇಳುವುದಿಲ್ಲ.

ವಿಮಾನದವರು ಕೇಳಿದರು. ಅದಕ್ಕೇ ಅವರಿಂದ ಕಲಿಯುವುದು ಜಾಸ್ತಿ ಇದೆ.

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾದವು. 583 ಜನ ಸತ್ತರು. ಡಚ್ ವಿಮಾನದ ಸಹ ಪೈಲಟ್ ಇಂಗ್ಲಿಷಿನಲ್ಲಿ ‘ವಿ ಆರ್ ನೌ ಅಟ್ ಟೇಕಾಫ್’ ಅಂದರು. ನಿಯಂತ್ರಣ ಗೋಪುರದಲ್ಲಿದ್ದವರಿಗೆ ‘ಟೇಕಾಫ್ ಜಾಗದಲ್ಲಿ ನಿಂತಿದ್ದೇವೆ’ ಅಂತ ಕೇಳಿಸಿತು. ಸಹ ಪೈಲಟ್ ಹೇಳಿದ್ದು ‘ಹಾರಲು ಹೊರಟಿದ್ದೇವೆ’ ಅಂತ. ಡಚ್ ಭಾಷೆಯ ಕ್ರಿಯಾಪದದ ರೂಢಿ ಇಂಗ್ಲಿಷಿನೊಳಗೆ ನುಸುಳಿತು ಎಂಬ ವಿವರಣೆಯೂ ಇದೆ. ನನ್ನ ‘ಲೆಟ್ ಅಸ್ ಸೀ’ ಥರವೇ. ಗೋಪುರದಿಂದ ಉತ್ತರ ಬಂತು: ‘ಓಕೆ...’ ಆಮೇಲೆ ‘ಕಾಯಿರಿ, ನಾನು ಕರೆಯುತ್ತೇನೆ’ ಅಂದರು. ಆದರೆ ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ರೇಡಿಯೊ ಕಿರುಚಿತು. ಡಚ್ ಪೈಲಟ್‌ಗಳಿಗೆ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ.

ಇದಾದ ಮೇಲೆ ಬಂದ ಬದಲಾವಣೆ ಗಮನಿಸಿ. ಡಚ್ಚರ ಸ್ವಭಾವ ಹೀಗೆ, ಸ್ಪೇನಿನವರ ಸ್ವಭಾವ ಹಾಗೆ ಅಂತ ಪಾಠ ಮಾಡುತ್ತಾ ಕೂರಲಿಲ್ಲ. ಪದಗಳನ್ನು ಬದಲಿಸಿದರು. ‘ಟೇಕಾಫ್’ ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆಯಲ್ಲೆಲ್ಲ ‘ಡಿಪಾರ್ಚರ್’ ಅನ್ನಬೇಕು. ಮುಖ್ಯವಾದ ಸೂಚನೆಗೆ ಬರೀ ‘ಓಕೆ’ ಸಾಲದು, ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಕಿರಿಯರು ಹಿರಿಯ ಪೈಲಟ್‌ಗೆ ಎದುರು ಹೇಳುವುದನ್ನೂ ತರಬೇತಿಯಾಗಿಯೇ ಕಲಿಸಲು ಶುರು ಮಾಡಿದರು. ಟೆನೆರಿಫ್‌ನಲ್ಲಿ ಡಚ್ ವಿಮಾನದ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನೋ ಅಂತ ಕೇಳಿದ್ದರು ಕೂಡ. ಕ್ಯಾಪ್ಟನ್ ಅಂದರೆ ಆ ಕಂಪನಿಯ ಅತಿ ಹಿರಿಯ ತರಬೇತುದಾರ. ಬಿಟ್ಟಿದೆ ಅಂತ ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ಮತ್ತೆ ಬಾಯಿ ತೆರೆಯಲಿಲ್ಲ.

2008ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೂ ನಿಯಂತ್ರಕರಿಗೂ ಭಾಷಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೇ ಹಂತ ಮುಟ್ಟಬೇಕು. ಅದರಲ್ಲಿ ನನಗೆ ಇಷ್ಟವಾದ ಎರಡು ಅಂಶ ಇವೆ. ಉಚ್ಚಾರದಲ್ಲಿ ತಾಯ್ನುಡಿಯ ಛಾಯೆ ಇದ್ದರೂ ಪರವಾಗಿಲ್ಲ, ಅರ್ಥಕ್ಕೆ ಪದೇ ಪದೇ ಅಡ್ಡ ಬರದಿದ್ದರೆ ಸಾಕು. ಇನ್ನೊಂದು, ತಪ್ಪು ತಿಳುವಳಿಕೆ ಆಗಿರಬಹುದು ಅನ್ನಿಸಿದಾಗ ಕೇಳಿ, ಖಾತ್ರಿ ಮಾಡಿಕೊಂಡು, ಬಿಡಿಸಿ ಹೇಳುವ ಶಕ್ತಿಯನ್ನೂ ಅಲ್ಲಿ ಅಳೆಯುತ್ತಾರೆ. ನಾವು ಇಂಗ್ಲಿಷ್ ಕ್ಲಾಸಿಗೆ ಹೋಗಿ ಮೊದಲು ತಿದ್ದಿಕೊಳ್ಳುವುದು ಉಚ್ಚಾರವನ್ನು! ಎರಡನೆಯದನ್ನು ಯಾರೂ ಕಲಿಸುವುದೇ ಇಲ್ಲ.

ಸರಿ, ಆಫೀಸಿಗೆ ಬರೋಣ. ತಿರುಗಿ ಹೇಳಿಸುವುದನ್ನು ನಾನು ಕಾಲ್‌ಗಳಲ್ಲಿ ಮಾಡಲು ಹೋದೆ. ಮೊದಲ ಸಲ ಕೆಟ್ಟದಾಗಿ ಮಾಡಿದೆ. ‘ನಾನೇನು ಹೇಳಿದೆ ಹೇಳಿ ನೋಡೋಣ’ ಅಂದೆ. ಎದುರಿದ್ದವರ ಮುಖ ಇಷ್ಟಾಯಿತು. ಮೇಷ್ಟ್ರು ಪಾಠ ಒಪ್ಪಿಸಿಕೊಂಡ ಹಾಗಾಯಿತು ಅದು. ಈಗ ಬೇರೆ ಥರ ಕೇಳುತ್ತೇನೆ. ‘ನಾನು ಹೇಳುವಾಗ ಏನೋ ಗೊಂದಲ ಮಾಡಿದೆ ಅನ್ನಿಸುತ್ತೆ. ನಿಮಗೆ ಹೇಗೆ ಕೇಳಿಸಿತು?’ ಭಾರ ನನ್ನ ಹೆಗಲ ಮೇಲಿರುತ್ತೆ. ಎದುರಿನವರು ಧಾರಾಳವಾಗಿ ಹೇಳುತ್ತಾರೆ. ಮೀಟಿಂಗಿನ ಕೊನೆಯ ಐದು ನಿಮಿಷ ಎಲ್ಲರೂ ಚಾಟ್‌ನಲ್ಲಿ ಒಂದೊಂದು ಸಾಲು ಬರೆಯುತ್ತಾರೆ, ಮುಂದಿನ ವಾರ ತಾನು ಏನು ಮಾಡುತ್ತೇನೆ ಅಂತ. ಮೊದಲ ವಾರ ಆರು ಜನ ಬರೆದದ್ದರಲ್ಲಿ ಎರಡು ಸಾಲು ನಾನು ಕನಸಲ್ಲೂ ಎಣಿಸದ ಕೆಲಸಗಳು. ಒಬ್ಬ ಹುಡುಗ ನಾವು ಕೈಬಿಟ್ಟೆವು ಅಂದುಕೊಂಡ ಕೆಲಸವನ್ನೇ ಮಾಡಲು ಹೊರಟಿದ್ದ. ನಾನದನ್ನು ಕೈಬಿಟ್ಟದ್ದು ಹೇಗೆ ಗೊತ್ತಾ? ‘ಅದನ್ನು ಆಮೇಲೆ ಮಾಡೋಣ’ ಅಂತ.

ಈ ‘ಮಾಡೋಣ’ ಇದೆಯಲ್ಲ, ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು. ಕನ್ನಡದಲ್ಲಿ ಎಷ್ಟು ಆತ್ಮೀಯವಾದ ಪದ. ಅಪ್ಪಣೆ ಮಾಡಿದ ಹಾಗಿಲ್ಲ, ಬೇಡಿದ ಹಾಗೂ ಇಲ್ಲ. ನೀನೂ ನಾನೂ ಸೇರಿದ್ದೇವೆ ಅಂತ ಹೇಳುತ್ತೆ. ಆದರೆ ಅದಕ್ಕೆ ವಾರಸುದಾರರಿಲ್ಲ. ಯಾರು ಮಾಡುವುದು? ನಮ್ಮನಮ್ಮಲ್ಲೇ ಆದರೆ ಮುಖ ನೋಡಿ ಗೊತ್ತಾಗುತ್ತೆ. ಯಾರ ಕಡೆ ತಿರುಗಿ ‘ಮಾಡೋಣ’ ಅಂದರೋ ಅವರೇ ಮಾಡಬೇಕು. ಅದನ್ನೇ ಇಂಗ್ಲಿಷಿಗೆ ಎತ್ತಿ ‘ವಿ ವಿಲ್ ಡು ಇಟ್’ ಅಂದರೆ ಒಬ್ಬರಿಗೆ ‘ಅವರು ಮಾಡುತ್ತಾರೆ’ ಅಂತ, ಇನ್ನೊಬ್ಬರಿಗೆ ‘ಎಲ್ಲರೂ ಸೇರಿ’ ಅಂತ ಕೇಳಿಸುತ್ತೆ. ವಿಡಿಯೊ ಕಾಲಿನಲ್ಲಿ ಯಾರ ಕಡೆ ತಿರುಗಿದೆವು ಅನ್ನುವುದು ಯಾರಿಗೂ ಕಾಣಿಸುವುದಿಲ್ಲ. ನಾನೀಗ ಹೆಸರು ಹಿಡಿದು ಹೇಳುತ್ತೇನೆ. ಸ್ವಲ್ಪ ಒರಟು ಅನ್ನಿಸುತ್ತೆ, ಒಪ್ಪುತ್ತೇನೆ.

‘ಹೌದು’ ಇನ್ನೂ ಕಷ್ಟದ ಪದ. ‘ಫೈಲ್ ಬಂದಿಲ್ವಾ?’ ಅಂತ ಕೇಳಿದರೆ ಕನ್ನಡದಲ್ಲಿ ‘ಹೌದು, ಬಂದಿಲ್ಲ’ ಅನ್ನಬಹುದು. ನೀವು ಹೇಳಿದ್ದು ಸರಿ ಅನ್ನುವುದು ಆ ಹೌದಿನ ಅರ್ಥ. ಜಪಾನಿ ಭಾಷೆಯಲ್ಲೂ ಹಾಗೇ. ಇಂಗ್ಲಿಷ್ ತಾಯ್ನುಡಿಯವರು ಅಲ್ಲಿ ‘ನೋ’ ಅನ್ನುತ್ತಾರೆ. ಅವರ ಪ್ರಶ್ನೆಗೆ ನಾವು ಬರೀ ‘ಯೆಸ್’ ಅಂತ ಮೆಸೇಜ್ ಕಳಿಸಿದರೆ ಫೈಲ್ ಬಂದಿದೆ ಅಂತ ಅವರು ಕಾಫಿಗೆ ಎದ್ದು ಹೋಗುತ್ತಾರೆ. ಇನ್ನು ಜಪಾನಿನವರು ಮಾತಿನ ನಡುನಡುವೆ ‘ಹಾಯ್, ಹಾಯ್’ ಅನ್ನುತ್ತಿದ್ದರೆ ಎಷ್ಟೋ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಅಂತ ಮಾತ್ರ ಅರ್ಥ. ನಾವು ಫೋನಿನಲ್ಲಿ ‘ಹ್ಞಾಂ, ಹ್ಞಾಂ’ ಅನ್ನುತ್ತೇವಲ್ಲ, ಹಾಗೆ. ನಮ್ಮ ‘ಹ್ಞಾಂ’ಗೆ ಯಾರಾದರೂ ಸಹಿ ಹಾಕಿದ ಬೆಲೆ ಕೊಟ್ಟರೆ ನಾವು ಗಾಬರಿ ಬೀಳುತ್ತೇವೆ. ಅವರ ‘ಹಾಯ್’ಗೆ ಮಾತ್ರ ನಾವು ಅಷ್ಟೇ ಬೆಲೆ ಕೊಟ್ಟು, ಆಮೇಲೆ ಮಾತು ತಪ್ಪಿದರು ಅನ್ನುತ್ತೇವೆ.

ಹಾಗಾಗಿ ಹೌದು, ಇಲ್ಲ ಅನ್ನುವ ಉತ್ತರ ಬರುವ ಪ್ರಶ್ನೆಗಳನ್ನು ನಾನು ಆದಷ್ಟು ಬಿಟ್ಟಿದ್ದೇನೆ. ‘ಶುಕ್ರವಾರಕ್ಕೆ ಆಗುತ್ತಾ?’ ಅಂದರೆ ‘ಆಗುತ್ತೆ’ ಅಂತಲೇ ಬರುತ್ತೆ. ಕೇಳಿದವನು ಮೇಲಿನವನಾದರೆ ನೂರಕ್ಕೆ ನೂರು. ‘ಶುಕ್ರವಾರದ ಹೊತ್ತಿಗೆ ಯಾವ್ಯಾವುದು ಮುಗಿದಿರುತ್ತೆ, ಯಾವುದು ಉಳಿದಿರುತ್ತೆ?’ ಅಂತ ಕೇಳಿದರೆ ಮಾತು ಬದಲಾಗುತ್ತೆ. ‘ಇದನ್ನು ಕೈಗೆತ್ತಿಕೊಂಡರೆ ಯಾವ ಕೆಲಸ ಹಿಂದೆ ಬೀಳುತ್ತೆ?’ ಅನ್ನುವುದು ಇನ್ನೂ ಒಳ್ಳೆಯದು. ಅಲ್ಲಿ ‘ಆಗಲ್ಲ’ ಅನ್ನದೆಯೇ ಆಗಲ್ಲ ಅಂತ ಹೇಳಲು ದಾರಿ ಇರುತ್ತೆ. ಮೀಟಿಂಗ್ ಮುಗಿಸುವಾಗ ‘ಏನಾದರೂ ಪ್ರಶ್ನೆ ಇದೆಯಾ?’ ಅನ್ನುವುದು ಸುಮ್ನೆ ಶಾಸ್ತ್ರಕ್ಕೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಉತ್ತರ ಕೊಡದೇ ಇರಲು ಇನ್ನೊಂದು ಕಾರಣವೂ ಇದೆ. ನಾವು ಕಾಯುವುದೇ ಇಲ್ಲ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆಯಿತು. ಒಬ್ಬರು ಪ್ರಶ್ನೆ ಕೇಳಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಉತ್ತರಿಸಲು ಎಷ್ಟು ಹೊತ್ತು ಬೇಕು ಅಂತ. ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಆ ಹತ್ತರಲ್ಲಿ ಜಪಾನಿ ಭಾಷೆಯವರು ಎಲ್ಲರಿಗಿಂತ ಬೇಗ, ಹೆಚ್ಚುಕಡಿಮೆ ಅಂತರವೇ ಇಲ್ಲದಂತೆ. ಡ್ಯಾನಿಷ್ ಭಾಷೆಯವರು ಎಲ್ಲರಿಗಿಂತ ನಿಧಾನ, ಆದರೂ ಅರ್ಧ ಸೆಕೆಂಡಿನೊಳಗೆ. ಜಪಾನಿನವರು ಮೌನಿಗಳು ಅನ್ನುವ ತರಬೇತಿಯ ಪುಟವನ್ನು ನಂಬಿದ್ದ ನನಗೆ ಇದು ದೊಡ್ಡ ಪಾಠವಾಯಿತು. ತಮ್ಮ ಭಾಷೆಯಲ್ಲಿ, ತಮ್ಮವರ ಜೊತೆ ಅವರು ತಡೆದು ಮಾತಾಡುವುದೇ ಇಲ್ಲ. ನಮ್ಮ ಕಾಲ್‌ನಲ್ಲಿ ಸುಮ್ಮನಿದ್ದರೆ ಅದಕ್ಕೆ ಕಾರಣ ನಮ್ಮ ಕಾಲ್‌ನಲ್ಲಿದೆ.

ಲೆಕ್ಕ ಹಾಕಿ ನೋಡಿ. ಸರಾಸರಿ 200 ಮಿಲಿಸೆಕೆಂಡ್ ಸಹಜ. ಕರೆಗಳಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಹೋಗಿ ಬರುವಷ್ಟರಲ್ಲಿ 300 ಆಯಿತು. ಅದರ ಮೇಲೆ ಎದುರಿನವರು ಪ್ರಶ್ನೆಯನ್ನು ತಮ್ಮ ಭಾಷೆಗೆ ತಂದು, ಉತ್ತರ ಯೋಚಿಸಿ, ಅದನ್ನು ಇಂಗ್ಲಿಷಿಗೆ ಸಾಗಿಸಬೇಕು. ಅಷ್ಟರಲ್ಲಿ ಬೇಗ ಮಾತಾಡುವವನಿಗೆ ಸಹನೆ ಮುಗಿದಿರುತ್ತೆ. ‘ಸರಿ, ಹಾಗಾದರೆ ಮುಂದಿನದು’ ಅನ್ನುತ್ತಾನೆ. ಆ ಬೇಗ ಮಾತಾಡುವವನು ನಾನೇ ಆಗಿದ್ದೆ. ಒಮ್ಮೆ ಮೀಟಿಂಗಿನ ರೆಕಾರ್ಡಿಂಗ್ ಕೇಳಿ ನಾಚಿಕೆಯಾಯಿತು. ಒಬ್ಬ ಹೆಣ್ಣುಮಗಳು ಮೂರು ಸಲ ಉಸಿರೆಳೆದು ಮಾತು ಶುರು ಮಾಡಲು ಹೋಗಿದ್ದಾಳೆ. ಮೂರು ಸಲವೂ ನಾನು ಅಡ್ಡ ಬಂದಿದ್ದೇನೆ. ಆ ಮೀಟಿಂಗಿನ ಕೊನೆಗೆ ‘ಅವಳು ಏನೂ ಹೇಳಲಿಲ್ಲ’ ಅಂತ ನಾನೇ ಯಾರಿಗೋ ಹೇಳಿದ್ದೆ.

ಈಗ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸುತ್ತೇನೆ. ಐದು ಸೆಕೆಂಡ್ ಎಷ್ಟು ಉದ್ದ ಅಂತ ಇಲ್ಲಿ ತೋರಿಸಲಾ? (ಸಭೆಯಲ್ಲಿ ಇಲ್ಲಿ ಐದು ಸೆಕೆಂಡ್ ಸುಮ್ಮನೆ ನಿಂತೆ. ಮೂರನೇ ಸೆಕೆಂಡಿಗೆ ಯಾರೋ ಕೆಮ್ಮಿದರು, ನಾಲ್ಕನೆಯದಕ್ಕೆ ಇಬ್ಬರು ನಕ್ಕರು.) ನೋಡಿದಿರಲ್ಲ, ತಡೆದುಕೊಳ್ಳಲು ಆಗಲ್ಲ. ಅದಕ್ಕೇ ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳಿಸಿಬಿಡುವುದು ಇನ್ನೂ ವಾಸಿ.

ಇನ್ನು ಹೊಗಳಿಕೆ ಮತ್ತು ತೆಗಳಿಕೆ. ಕನ್ನಡದಲ್ಲಿ ‘ಪರವಾಗಿಲ್ಲ’ ಅಂದರೆ ಕೆಲವರ ಬಾಯಲ್ಲಿ ಅದು ಚಿನ್ನದ ಪದಕ. ‘ಪರವಾಗಿಲ್ವೇ, ಚೆನ್ನಾಗೇ ಮಾಡಿದ್ದೀಯ!’ ಇದನ್ನು ‘ನಾಟ್ ಬ್ಯಾಡ್’ ಅಂತ ಅಮೆರಿಕದ ಸಹೋದ್ಯೋಗಿಗೆ ಬರೆದರೆ ಅವರು ಮನೆಗೆ ಹೋಗಿ ಬೇಸರದಲ್ಲಿ ಕೂರಬಹುದು. ಇಂಗ್ಲಿಷಿನವರ ನಡುವೆಯೇ ಈ ರಗಳೆ ಇದೆ. ‘ಕ್ವೈಟ್ ಗುಡ್’ ಅಂದರೆ ಅಮೆರಿಕದವರಿಗೆ ತುಂಬಾ ಚೆನ್ನಾಗಿದೆ ಅಂತ. ಬ್ರಿಟನ್ನಿನವರ ಬಾಯಲ್ಲಿ ಅದು ಎಷ್ಟೋ ಸಲ ‘ಏನೋ ಒಂದು ಮಟ್ಟಿಗೆ ಇದೆ’ ಅನ್ನುವುದಕ್ಕೆ ಹತ್ತಿರ. ಒಂದು ವಿಷಯವನ್ನು ‘ಟೇಬಲ್’ ಮಾಡುವುದು ಅಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಪಕ್ಕಕ್ಕಿಡುವುದು. ಬ್ರಿಟನ್ನಿನವರ ‘ಹಾಫ್ ಎಯ್ಟ್’ ಎಂಟೂವರೆ. ಜರ್ಮನ್ನರು ‘ಹಾಲ್ಪ್ ಆಖ್ಟ್’ ಅಂದರೆ, ಪದಕ್ಕೆ ಪದ ಅದೇ ಅರ್ಧ ಎಂಟು, ಆದರೆ ಗಡಿಯಾರದಲ್ಲಿ ಏಳೂವರೆ. 03/04 ಅಂತ ದಿನಾಂಕ ಬರೆದರೆ ಅಮೆರಿಕದವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3. ಇದಕ್ಕೆ 1988ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಬಂತು, ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ಪಾಲಿಸುವವರು ಕಡಿಮೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಆಯಿತು, ಅಷ್ಟಕ್ಕೆ ತರಬೇತಿ ಬೇಡ.

ಇಂಗ್ಲಿಷ್ ತಾಯ್ನುಡಿಯಲ್ಲದ ನಾಲ್ಕು ಜನ ಸೇರಿ ಮಾತಾಡುವಾಗ ಎಷ್ಟು ಸಲೀಸಾಗಿ ಕೆಲಸ ಆಗುತ್ತೆ ಅನ್ನುವುದನ್ನು ಗಮನಿಸಿದ್ದೀರಾ? ಎಲ್ಲರದ್ದೂ ಸಣ್ಣ ಸಣ್ಣ ವಾಕ್ಯ. ಅರ್ಥವಾಗದಿದ್ದರೆ ‘ಏನು?’ ಅನ್ನಲು ಸಂಕೋಚ ಇಲ್ಲ. ಅಲ್ಲಿಗೆ ಅದೇ ಭಾಷೆಯಲ್ಲಿ ಹುಟ್ಟಿ ಬೆಳೆದ ಒಬ್ಬರು ಬರುತ್ತಾರೆ. ‘ಬಾಲ್‌ಪಾರ್ಕ್ ಫಿಗರ್ ಕೊಡಿ’ ಅನ್ನುತ್ತಾರೆ. ಉಳಿದವರೆಲ್ಲ ನಕ್ಕು ತಲೆಯಾಡಿಸುತ್ತಾರೆ. ಬೇಸ್‌ಬಾಲ್ ನೋಡದವರಿಗೆ ಬಾಲ್‌ಪಾರ್ಕ್ ಎಲ್ಲಿಂದ ಗೊತ್ತಾಗಬೇಕು? ಅಂದಾಜು ಅಂಕಿ ಕೊಡಿ ಅಂದಿದ್ದರೆ ಮುಗಿಯುತ್ತಿತ್ತು. ಭಾಷೆ ಚೆನ್ನಾಗಿ ಬಲ್ಲವರಿಗೇ ಈ ತರಬೇತಿ ಮೊದಲು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನುತ್ತಾರೆ. ತನ್ನ ಮಾತನ್ನು ಮಾತ್ರ ಬಲ್ಲವನಿಗೆ ಜಗಳ ತಪ್ಪಿದ್ದಲ್ಲ.

ಕೊನೆಯಲ್ಲಿ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು: ‘ಯಾವಾಗಲೂ ನಾವೇ ಯಾಕೆ ಬದಲಾಗಬೇಕು? ಅವರೂ ನಮ್ಮ ನೋಡೋಣವನ್ನು ಕಲಿಯಲಿ.’ ಪ್ರಶ್ನೆ ನ್ಯಾಯವಾದದ್ದು. ಬಹಳ ಕಡೆ ಹೊಂದಿಕೊಳ್ಳುವ ಕೆಲಸ ಯಾವಾಗಲೂ ಕಡಿಮೆ ಅಧಿಕಾರ ಇರುವವರ ಪಾಲಿಗೇ ಬರುತ್ತೆ. ಏವಿಯಾಂಕಾದಲ್ಲೂ ಪರಭಾಷೆಯಲ್ಲಿ ಒದ್ದಾಡಿದವರು ಪೈಲಟ್‌ಗಳು. ನನ್ನ ಉತ್ತರ ಇಷ್ಟು. ಮೀಟಿಂಗ್ ನಡೆಸುವವರು ಯಾರೋ, ಸಂಬಳ ಏರಿಸುವ ಕೈ ಯಾರದೋ, ಕೇಳಿ ಖಾತ್ರಿ ಮಾಡಿಕೊಳ್ಳುವ ಹೊಣೆ ಅವರದು. ಕಿರಿಯರಿಗೆ ‘ಧೈರ್ಯವಾಗಿ ಮಾತಾಡಿ’ ಅಂತ ಪೋಸ್ಟರ್ ಅಂಟಿಸಿದರೆ ಆಗುವುದಿಲ್ಲ. ‘ಆಗಲ್ಲ’ ಅಂದವನಿಗೆ ಕಳೆದ ಸಲ ಏನಾಯಿತು ಅನ್ನುವುದನ್ನು ಎಲ್ಲರೂ ನೋಡಿರುತ್ತಾರೆ.

ಇನ್ನೊಬ್ಬರು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಕೇಳಿದಳು: ‘ಸರ್, ಆ ಡಚ್ ಸಹೋದ್ಯೋಗಿ ಜೊತೆ ಆಮೇಲೆ ಏನಾಯ್ತು?’

ಅದನ್ನು ಹೇಳಲು ಮರೆತೇ ಹೋಗಿತ್ತು. ಒಂದು ದಿನ ಬರೀ ಇಬ್ಬರೇ ಕಾಲ್‌ನಲ್ಲಿದ್ದಾಗ ನಾನು ಬಿಡಿಸಿ ಹೇಳಿದೆ. ನಮ್ಮ ಭಾಷೆಯಲ್ಲಿ ಹೀಗೊಂದು ಪದ ಇದೆ, ಎದುರಿನವರ ಮುಖ ಉಳಿಸಲು ಬಳಸುತ್ತೇವೆ, ಅದನ್ನೇ ನಿಮಗೂ ಹೇಳಿಬಿಟ್ಟೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಪದ ಹೇಳಿಕೊಡಿ ಅಂದರು. ‘ನೋ-ಡೋ-ಣ’ ಅಂತ ಬಿಡಿಸಿ ಹೇಳಿದೆ. ಬರೆದುಕೊಂಡರು. ಮುಂದಿನ ತಿಂಗಳು ನಾನು ಅವರಿಗೊಂದು ಕೆಲಸ ಕೇಳಿದೆ, ವಾರಾಂತ್ಯದಲ್ಲಿ ಮಾಡಿಕೊಡುತ್ತೀರಾ ಅಂತ. ಪರದೆಯ ಆಚೆಯಿಂದ ಗಂಭೀರವಾಗಿ, ಒಂದೊಂದೇ ಅಕ್ಷರ ಹಿಡಿದು, ಕನ್ನಡದಲ್ಲಿ ‘ನೋಡೋಣ’ ಅಂದರು. ಆ ವಾರಾಂತ್ಯ ನಾನೇ ಕೂತು ಆ ಕೆಲಸ ಮುಗಿಸಿದೆ.